ರಾಹುಕಾಲಕ್ಕೆ ಮೊದಲೇ ಹೊರಟ ಬ್ಯಾಗು

ನೈರೋಬಿಯ ಲ್ಯಾವಿಂಗ್ಟನ್ ಬಡಾವಣೆಯ ಆ ಎಂಟು ಮನೆಗಳ ಕಾಂಪೌಂಡಿನಲ್ಲಿ ತ್ರಿವಿಕ್ರಮನ ದನಿ ಗೊತ್ತಿಲ್ಲದವರು ಯಾರೂ ಇರಲಿಲ್ಲ. ಅವನು ಫೋನಿನಲ್ಲಿ ಮಾತಾಡಲು ಶುರುಮಾಡಿದರೆ ಮೂರನೇ ಮನೆಯವರು ಕಿಟಕಿ ಮುಚ್ಚಬೇಕು. ಕ್ರಿಕೆಟ್ ನೋಡಲು ಕೂತರೆ ಗೇಟಿನ ಕಾವಲುಗಾರನಿಗೂ ಸ್ಕೋರು ತಿಳಿಯುತ್ತಿತ್ತು. ಬೆಂಗಳೂರಿನ ಶ್ರೀರಾಮಪುರದ ವಠಾರದಲ್ಲಿ ಬೆಳೆದವನು. ಹನ್ನೊಂದು ಸಂಸಾರಕ್ಕೆ ಒಂದೇ ನಲ್ಲಿ, ಅಲ್ಲಿ ಕೂಗದವನಿಗೆ ನೀರಿಲ್ಲ. ಆ ಗಂಟಲೇ ಮುಂದೆ ಅವನಿಗೆ ಮೊಬೈಲ್ ಟವರುಗಳ ಕಂಪನಿಯೊಂದರ ಮಾರಾಟ ವಿಭಾಗದಲ್ಲಿ ಕೆಲಸ ಕೊಡಿಸಿತು, ನೈರೋಬಿಗೂ ಕರೆತಂದಿತು. ಬಂದು ಒಂಬತ್ತು ವರ್ಷ. ಮನುಷ್ಯ ಒಳ್ಳೆಯವನೇ. ಕೆಟ್ಟವನಾಗಿದ್ದರೆ ನಾನು ಇದನ್ನೆಲ್ಲ ಹೇಳುವ ಗೋಜಿಗೇ ಹೋಗುತ್ತಿರಲಿಲ್ಲ.

ಅವನ ಕಂಪನಿಯಲ್ಲಿ ಒಂದು ಪದ್ಧತಿ. ವರ್ಷದ ಗುರಿ ಮುಟ್ಟಿದವರನ್ನು ಕಂಪನಿಯೇ ಖರ್ಚು ಹಾಕಿ ವಿಮಾನ ಹತ್ತಿಸಿ ಪರದೇಶಕ್ಕೆ ರಜೆಗೆ ಕಳಿಸುತ್ತದೆ. ಕೇಳುವುದಕ್ಕೆ ಎಷ್ಟು ಚೆಂದ! ತ್ರಿವಿಕ್ರಮ ಮೊದಲ ಸಲ ಗೆದ್ದದ್ದು ಕೇಪ್‌ಟೌನ್ ಪ್ರವಾಸ, ಎರಡು ಸಾವಿರದ ಇಪ್ಪತ್ತರಲ್ಲಿ. ಸೂಟ್‌ಕೇಸು ಕಟ್ಟಿಟ್ಟಿದ್ದ. ಕೊರೊನಾ ಬಂತು, ವಿಮಾನಗಳೆಲ್ಲ ನೆಲ ಹಿಡಿದವು, ಕಂಪನಿ ಸಮಾಧಾನಕ್ಕೆಂದು ತನ್ನ ಹೆಸರು ಅಚ್ಚು ಹಾಕಿಸಿದ ಒಂದು ಛತ್ರಿ ಕಳಿಸಿಕೊಟ್ಟಿತು. ಎರಡನೇ ಸಲ ದುಬೈ. ಅದಕ್ಕೆ ಹೆಂಡತಿ ಮಗನನ್ನು ಕರೆದೊಯ್ಯುವಂತಿಲ್ಲ. ಅಲ್ಲಿ ರಜೆ ಅಂದರೆ ಬೆಳಗ್ಗೆ ಏಳಕ್ಕೆಲ್ಲ ಒಂದೇ ಬಣ್ಣದ ಟೀ ಶರ್ಟು ತೊಟ್ಟು ಮರಳಿನ ಮೇಲೆ ಹಗ್ಗ ಎಳೆಯುವುದು, ಹತ್ತಕ್ಕೆ ಮುಂದಿನ ವರ್ಷದ ಗುರಿಯ ಬಗ್ಗೆ ಭಾಷಣ ಕೇಳುವುದು, ಊಟವಾದ ಮೇಲೆ ದೊಡ್ಡ ಸಾಹೇಬರು ಹಾಡಿದ್ದಕ್ಕೆಲ್ಲ ಚಪ್ಪಾಳೆ ತಟ್ಟುವುದು. ಇಂಥ ರಜೆ ಮುಗಿಸಿಕೊಂಡು ಬಂದ ದಿನವೇ ಅವನ ಮೇಲೆ ಕೈಬಿತ್ತು.

ಹಾಡಹಗಲು. ವಿಮಾನ ನಿಲ್ದಾಣದಿಂದ ಹೊರಟ ಟ್ಯಾಕ್ಸಿ ಲಂಗಾಟಾ ರಸ್ತೆಯ ವಾಹನಗಳ ನಡುವೆ ಸಿಕ್ಕಿಕೊಂಡು ನಿಂತಿತ್ತು. ಇಬ್ಬರು ಬಂದು ಎರಡೂ ಕಡೆಯ ಬಾಗಿಲು ತೆಗೆದರು. ಒಬ್ಬ ಏನೂ ಹೇಳದೆ ಕೇಳದೆ ಪಿಸ್ತೂಲಿನ ಹಿಡಿಯಿಂದ ಬಾಯಿಗೆ ಗುದ್ದಿದ. ಎರಡು ಹಲ್ಲು ನಾಲಿಗೆಯ ಮೇಲೆ ಬಿದ್ದವು. ಇನ್ನೊಬ್ಬ ಕಾಲರ್ ಹಿಡಿದು ರಸ್ತೆಗೆಳೆದು, ಬೂಟುಗಾಲಿನಿಂದ ಪಕ್ಕೆಗೆ ನಾಲ್ಕು ಒದ್ದು, ಪಾಸ್‌ಪೋರ್ಟ್ ಇದ್ದ ಬ್ಯಾಗು ಕಿತ್ತುಕೊಂಡು ನಡೆದ. ಓಡಲಿಲ್ಲ, ನಡೆದ! ಅಕ್ಕಪಕ್ಕದ ಕಾರುಗಳವರು ಗಾಜು ಏರಿಸಿಕೊಂಡರು. ಅಷ್ಟು ದೊಡ್ಡ ಗಂಟಲಿನ ಮನುಷ್ಯ ಡಾಂಬರಿನ ಮೇಲೆ ಬಾಯಿ ತೆರೆದುಕೊಂಡು ಬಿದ್ದಿದ್ದ, ಒಂದು ಸೊಲ್ಲೂ ಹೊರಡಲಿಲ್ಲ. ಹಲ್ಲು ಹೋದದ್ದಕ್ಕಿಂತ, ಹೊಸ ಪಾಸ್‌ಪೋರ್ಟಿಗಾಗಿ ನಾಲ್ಕು ತಿಂಗಳು ಅಲೆದದ್ದಕ್ಕಿಂತ, ಅವನಿಗೆ ಆ ನಾಚಿಕೆಯೇ ಹೆಚ್ಚು ಉರಿಯುತ್ತಿತ್ತು.

ಅಂದು ಅವನ ತುಟಿ ಹೊಲಿದವರು ಪಕ್ಕದ ರಸ್ತೆಯ ಡಾಕ್ಟರ್ ಅನಂತ್. ಉಡುಪಿ ಕಡೆಯವರು, ನೈರೋಬಿಯಲ್ಲಿ ಮೂವತ್ತೈದು ವರ್ಷ ಕತ್ತರಿ ಹಿಡಿದು ನಿವೃತ್ತರಾದವರು.

"ಮ್ವೀಜಿ ಅಂತ ಒಂದ್ಸಲ ಕೂಗಿದ್ರೆ ಸಾಕಿತ್ತು ಡಾಕ್ಟ್ರೇ. ಬಡ್ಡೀಮಕ್ಳು ಸಿಕ್ಕಿಬೀಳ್ತಿದ್ರು," ಅಂದ ತ್ರಿವಿಕ್ರಮ, ಊದಿದ ಬಾಯಲ್ಲೇ. ಮ್ವೀಜಿ ಅಂದರೆ ಇಲ್ಲಿಯ ಭಾಷೆಯಲ್ಲಿ ಕಳ್ಳ.

ಡಾಕ್ಟರು ಸೂಜಿ ನಿಲ್ಲಿಸಿದರು. "ಬೇರೆ ಎಂತ ಬೇಕಾದ್ರೂ ಕೂಗು ಮಾರಾಯ, ಅದೊಂದು ಮಾತು ಬೇಡ. ಅದನ್ನು ಕೂಗಿದ್ರೆ ಜನ ಸೇರ್ತದೆ. ವಿಚಾರಣೆ ಅಲ್ಲೇ, ತೀರ್ಪು ಅಲ್ಲೇ. ಹಾಗೆ ಪೆಟ್ಟು ತಿಂದವರನ್ನು ನನ್ನ ಟೇಬಲ್ಲಿಗೆ ತಂದು ಹಾಕ್ತಿದ್ರು, ಹೊಲಿಯುವುದಕ್ಕೆ ಎಂತದೂ ಉಳಿದಿರ್ತಿರಲಿಲ್ಲ."

ತ್ರಿವಿಕ್ರಮ ತಲೆಯಾಡಿಸಿದ. ಮನಸ್ಸಿನೊಳಗೆ ಮಾತ್ರ ಬೇರೆಯೇ ಲೆಕ್ಕ ಹಾಕಿದ್ದ. ಇನ್ನೊಂದು ಸಲ ಯಾವನಾದರೂ ನನ್ನ ಬ್ಯಾಗು ಮುಟ್ಟಲಿ, ನಾನು ಸುಮ್ಮನಿರುವುದಿಲ್ಲ.

ಮೂರನೇ ಸಲ ಗೆದ್ದದ್ದು ಮಾರಿಷಸ್. ಆರು ದಿನ, ಸಮುದ್ರದ ದಂಡೆಯ ಹೋಟೆಲು, ಈ ಸಲ ಸಂಸಾರ ಸಮೇತ! ಹೆಂಡತಿ ಊರ್ಮಿಳಾ ಮಗ ಚಿರಂತನನಿಗೆ ಈಜುವ ಚಡ್ಡಿ ಕೊಂಡಳು, ತನಗೊಂದು ಅಗಲ ಅಂಚಿನ ಟೋಪಿ ಕೊಂಡಳು, ಕ್ಯಾಲೆಂಡರ್ ನೋಡಿದಳು. ಅಲ್ಲಿಗೆ ಮುಗಿಯಿತು ನೆಮ್ಮದಿ. ಹೊರಡುವುದು ಶನಿವಾರ. ಟ್ಯಾಕ್ಸಿ ಬರುವುದು ಬೆಳಗ್ಗೆ ಹತ್ತಕ್ಕೆ. ಶನಿವಾರದ ರಾಹುಕಾಲ ಒಂಬತ್ತರಿಂದ ಹತ್ತೂವರೆ.

"ರೀ, ಒಂಬತ್ತರೊಳಗೇ ಹೊರಟ್ಬಿಡೋಣ. ಏರ್‌ಪೋರ್ಟಲ್ಲೇ ಕೂತ್ಕೊಳ್ಳೋಣ."

"ರಾಹು ನೈರೋಬಿಗೂ ಬರ್ತಾನೇನೇ? ಅವ್ನಿಗೆ ವರ್ಕ್ ಪರ್ಮಿಟ್ ಯಾರು ಕೊಟ್ರು?" ಎಂದು ತ್ರಿವಿಕ್ರಮ ಕಾಂಪೌಂಡಿಗೆಲ್ಲ ಕೇಳುವಂತೆ ನಕ್ಕ. "ಕಂಪನಿ ಟ್ಯಾಕ್ಸಿ ಕಳಿಸೋದು ಹತ್ತಕ್ಕೆ. ಸುಮ್ನೆ ತಲೆ ತಿನ್ಬೇಡ."

"ದುಬೈಗೆ ಹೋಗುವಾಗ್ಲೂ ಹಿಂಗೇ ನಕ್ಕಿದ್ರಿ," ಅಂದಳು ಅವಳು. ಅವನ ನಗು ನಿಂತಿತು, ಆದರೆ ಒಪ್ಪಲಿಲ್ಲ.

ಗಂಡನನ್ನು ಒಪ್ಪಿಸಲಾಗದ ಹೆಂಗಸು ಏನು ಮಾಡುತ್ತಾಳೋ ಅದನ್ನೇ ಮಾಡಿದಳು: ಕೇಳದೆ ಮಾಡಿ ಮುಗಿಸುವ ದಾರಿ ಹುಡುಕಿದಳು. ಅವಳ ತವರಿನಲ್ಲಿ ಪ್ರಸ್ಥಾನ ಇಡುವ ಪದ್ಧತಿ ಇತ್ತು. ಹೊರಡುವ ಹೊತ್ತು ಕೆಟ್ಟದ್ದಾದರೆ, ಪ್ರಯಾಣ ಮಾಡುವವನ ಒಂದು ಸಾಮಾನನ್ನು ಒಳ್ಳೆಯ ಹೊತ್ತಿನಲ್ಲೇ ಹೊಸಿಲು ದಾಟಿಸಿ ಬೇರೆಯವರ ಮನೆಯಲ್ಲಿ ಇಟ್ಟುಬಿಡುವುದು. ಆಮೇಲೆ ಹೋಗುತ್ತಾ ದಾರಿಯಲ್ಲಿ ಎತ್ತಿಕೊಳ್ಳುವುದು. ಸಾಮಾನು ಹೊರಟಿತೆಂದರೆ ಮನುಷ್ಯ ಹೊರಟ ಹಾಗೆಯೇ. ಡಾಕ್ಟರ್ ಅನಂತರ ಮನೆ ಟ್ಯಾಕ್ಸಿ ಹೋಗುವ ದಾರಿಯಲ್ಲೇ ಇತ್ತು. ಶನಿವಾರ ಬೆಳಗ್ಗೆ ಅವರಿಗೆ ಫೋನು ಮಾಡಿ ಹೇಳಿದಳು. ಗಂಡ ಸ್ನಾನಕ್ಕೆ ಹೋದದ್ದೇ ತಡ, ಅವನ ಕಪ್ಪು ಬ್ಯಾಗಿಗೆ ಅರಿಶಿನ ಕುಂಕುಮ ಮುಟ್ಟಿಸಿದಳು. ಆ ಬ್ಯಾಗನ್ನೇ ಯಾಕೆ ಆರಿಸಿದಳು ಅಂದರೆ ಅವನು ಎಲ್ಲಿಗೆ ಹೋದರೂ ಹೆಗಲಿಂದ ಇಳಿಸದ ಬ್ಯಾಗು ಅದೊಂದೇ. ಮೂವರ ಪಾಸ್‌ಪೋರ್ಟೂ ಅದರಲ್ಲೇ ಇದ್ದವು.

ಒಂಬತ್ತಕ್ಕೆ ಹತ್ತು ನಿಮಿಷ. ಕಾಂಪೌಂಡಿನ ತೋಟ ನೋಡಿಕೊಳ್ಳುವ ಒಂಗೇರಿ ತನ್ನ ಕೊಠಡಿಯಿಂದ ಹೊರಗೆ ಬಂದ. ಕಿಸಿ ಊರಿನ ಕಡೆಯವನು, ನಲವತ್ತೈದರ ಆಸುಪಾಸು. ಅವನ ಚರ್ಚಿನವರಿಗೆ ಶನಿವಾರವೇ ದೇವರ ದಿನ, ಅಂದು ಕೆಲಸ ಮುಟ್ಟುವುದಿಲ್ಲ. ಇಸ್ತ್ರಿ ಮಾಡಿದ ಕಂದು ಕೋಟು, ತಲೆಗೆ ಹ್ಯಾಟು, ಕಂಕುಳಲ್ಲಿ ಬೈಬಲ್. ಊರ್ಮಿಳಾ ಸಂಕೋಚದಿಂದಲೇ ಕೇಳಿದಳು, ಇದು ಕೆಲಸ ಅಲ್ಲ, ನಮ್ಮ ದೇವರ ವಿಷಯ, ದಾರಿಯಲ್ಲಿ ಡಾಕ್ಟರ ಮನೆಗೆ ಇದನ್ನು ಮುಟ್ಟಿಸಿ ಹೋಗುತ್ತೀರಾ ಎಂದು. ಒಂಗೇರಿ ನಕ್ಕ. ದೇವರ ವಿಷಯವಾದರೆ ತೊಂದರೆ ಇಲ್ಲ ಮೇಡಂ ಅಂದು ಬ್ಯಾಗನ್ನು ಹೆಗಲಿಗೇರಿಸಿಕೊಂಡು ನಡೆದ.

ತ್ರಿವಿಕ್ರಮ ಸ್ನಾನ ಮುಗಿಸಿ, ಕಂಪನಿ ಕೊಟ್ಟ ಹಳದಿ ಟೀ ಶರ್ಟು ತೊಟ್ಟು, ಕುರ್ಚಿಯ ಕಡೆ ಕೈಚಾಚಿದ. ಬ್ಯಾಗಿಲ್ಲ.

ಕುರ್ಚಿಯ ಕೆಳಗೆ ನೋಡಿದ, ಮಂಚದ ಹಿಂದೆ ನೋಡಿದ. ಬಾಲ್ಕನಿಗೆ ಓಡಿಬಂದರೆ, ಗೋಡೆಯಾಚೆ ರಸ್ತೆಯಲ್ಲಿ ಕಂದು ಕೋಟು ತೊಟ್ಟ ಯಾವನೋ ಒಬ್ಬ ತನ್ನ ಕಪ್ಪು ಬ್ಯಾಗನ್ನು ಹೆಗಲಿಗೆ ಹಾಕಿಕೊಂಡು ಬಿರಬಿರನೆ ಹೋಗುತ್ತಿದ್ದಾನೆ! ಕಂಡದ್ದು ಬೆನ್ನು ಮಾತ್ರ. ನಾಲ್ಕು ವರ್ಷದಿಂದ ದಿನಾ ಗೇಟಿನ ಬಳಿ ಕೈಯೆತ್ತಿ ನಗುವ ಮನುಷ್ಯ ಅವನು. ಆದರೆ ತ್ರಿವಿಕ್ರಮ ಅವನನ್ನು ನೋಡಿದ್ದು ಹಸಿರು ಕೆಲಸದ ಬಟ್ಟೆಯಲ್ಲಿ, ರಬ್ಬರ್ ಬೂಟಿನಲ್ಲಿ. ಕೋಟು ತೊಟ್ಟಾಗ ಒಂಗೇರಿ ಹೇಗೆ ಕಾಣುತ್ತಾನೆ ಅಂತ ನೋಡುವ ಪ್ರಸಂಗವೇ ಅವನಿಗೆ ಬಂದಿರಲಿಲ್ಲ.

"ಮ್ವೀಜಿ!" ಎಂದು ಕೂಗಿದ. ಲಂಗಾಟಾ ರಸ್ತೆಯಲ್ಲಿ ಹೊರಡದೆ ಹೋದ ಕೂಗೆಲ್ಲ ಈಗ ಬಂತು. "ಮ್ವೀಜಿ! ಮ್ವೀಜಿ! ಹಿಡೀರಿ ಅವನ್ನ, ಮ್ವೀಜಿ!"

ಕೂಗುತ್ತಲೇ ಮೆಟ್ಟಿಲಿಳಿದ. ಕೆಳಗೆ ಊರ್ಮಿಳಾ ದೇವರ ಮುಂದೆ ದೀಪ ಹಚ್ಚುತ್ತಿದ್ದವಳು ಗಾಬರಿಯಿಂದ ಎದ್ದು ಬಂದಳು.

"ಏನಾಯ್ತು ರೀ?"

"ಬ್ಯಾಗು! ಪಾಸ್‌ಪೋರ್ಟು! ಯಾವನೋ ಹೊತ್ಕೊಂಡು ಹೋಗ್ತಿದಾನೆ!"

ಅವಳ ಕೈಯಿಂದ ಬೆಂಕಿಪೊಟ್ಟಣ ಬಿತ್ತು. "ಅಯ್ಯೋ, ನಾನೇ ಕಳಿಸಿದ್ದು ರೀ! ಪ್ರಸ್ಥಾನಕ್ಕೆ! ತೋಟದವರು ಚರ್ಚ್‌ಗೆ ಹೋಗ್ತಿದ್ರು, ಡಾಕ್ಟ್ರ ಮನೇಲಿಡಿ ಅಂತ ನಾನೇ ಕೊಟ್ಟೆ!"

ತ್ರಿವಿಕ್ರಮ ಚಪ್ಪಲಿ ಮೆಟ್ಟದೆ ಓಡಿದ.

ರಸ್ತೆಯ ತಿರುವಿನಲ್ಲಿ ಬೋಡಾಬೋಡಾ ಓಡಿಸುವವರು, ಅಂದರೆ ಬಾಡಿಗೆಗೆ ಜನರನ್ನು ಕೂರಿಸಿಕೊಳ್ಳುವ ಮೋಟರ್‌ಸೈಕಲ್ಲಿನವರು, ಸಾಲಾಗಿ ನಿಲ್ಲುತ್ತಿದ್ದರು. ಎದುರಿಗೆ ಒಂದು ಕಟ್ಟಡ ಏಳುತ್ತಿತ್ತು. ಕೂಗು ಕೇಳಿ ಇವರೂ ಬಂದಿದ್ದರು, ಕಟ್ಟಡದ ಕೂಲಿಗಳೂ ಇಳಿದು ಬಂದಿದ್ದರು. ಇಪ್ಪತ್ತೈದು ಮೂವತ್ತು ಜನರ ಬೆನ್ನು ಕಂಡಿತು. ಬೆನ್ನುಗಳ ನಡುವಿನಿಂದ ಹೊಡೆತದ ಸದ್ದು ಬರುತ್ತಿತ್ತು. ಒದ್ದೆ ಬಟ್ಟೆ ಒಗೆಯುವಾಗಿನ ಸದ್ದು ಅದು.

ನುಗ್ಗಿ ನೋಡಿದ. ಒಂಗೇರಿ ನೆಲದ ಮೇಲಿದ್ದ. ಹ್ಯಾಟು ಹೋಗಿತ್ತು. ಒಬ್ಬ ಹೆಲ್ಮೆಟ್ಟನ್ನು ಎರಡೂ ಕೈಯಲ್ಲಿ ಎತ್ತಿ ಅವನ ತಲೆಗೆ ಕುಕ್ಕುತ್ತಿದ್ದ. ಇನ್ನೊಬ್ಬನ ಕೈಯಲ್ಲಿ ಸೆಂಟ್ರಿಂಗ್ ಕೆಲಸದ ಮರದ ಪಟ್ಟಿ, ತುದಿಯಲ್ಲಿ ಮೊಳೆ. ಅದು ಬಿದ್ದಲ್ಲೆಲ್ಲ ಕೋಟಿನ ಬಟ್ಟೆಯೂ ಚರ್ಮವೂ ಒಟ್ಟಿಗೆ ಕಿತ್ತು ಬರುತ್ತಿದ್ದವು. ದವಡೆ ಒಂದು ಕಡೆಗೆ ವಾಲಿತ್ತು. ಎಡಗಣ್ಣಿದ್ದಲ್ಲಿ ರಕ್ತವಷ್ಟೇ ಕಾಣುತ್ತಿತ್ತು. ಏನೋ ಹೇಳಲು ನೋಡುತ್ತಿದ್ದ, ಹೇಳಲು ಬಾಯಿ ತೆರೆದಾಗೊಮ್ಮೆ ಯಾರಾದರೂ ಬಾಯಿಗೇ ಒದೆಯುತ್ತಿದ್ದರು.

"ನಿಲ್ಸಿ! ಸಿ ಮ್ವೀಜಿ! ಕಳ್ಳ ಅಲ್ಲ!" ಎಂದು ತ್ರಿವಿಕ್ರಮ ಅರಚಿದ.

ಹಳದಿ ಜಾಕೆಟ್ಟಿನ ಎತ್ತರದವನೊಬ್ಬ ಅವನನ್ನು ಮೆತ್ತಗೆ ಪಕ್ಕಕ್ಕೆ ಸರಿಸಿದ. ಕೋಪವಿಲ್ಲದ ಮಾತು. "ಬಾಸ್, ನಿಮ್ಮ ಬ್ಯಾಗು ಅಗೋ ಅಲ್ಲಿ ಗೋಡೆಗೆ ಒರಗಿಸಿಟ್ಟಿದೀವಿ. ತಗೊಂಡು ಮನೆಗೆ ಹೋಗಿ. ಮಿಕ್ಕಿದ್ದು ನಾವು ನೋಡ್ಕೋತೀವಿ."

"ಇವನು ಕಳ್ಳ ಅಲ್ಲಪ್ಪಾ! ನಮ್ಮ ಕಾಂಪೌಂಡಿನವನು, ಕೆಲಸ ಮಾಡೋನು!"

"ಕೂಗಿದ್ದು ನೀವೇ ಅಲ್ವಾ?"

"ನಾನೇ. ತಪ್ಪಾಯ್ತು. ಗುರುತು ಸಿಗಲಿಲ್ಲ."

"ನಿಮ್ಮವನಾದರೆ ಹೆಸರು ಹೇಳಿ. ಏನಿವನ ಹೆಸರು?"

ತ್ರಿವಿಕ್ರಮ ಬಾಯಿ ತೆರೆದ. ಆ ಮನುಷ್ಯ ಇವನನ್ನು ಬಾಸ್ ಅನ್ನುತ್ತಿದ್ದ, ಇವನು ಅವನನ್ನು ಬ್ರದರ್ ಅನ್ನುತ್ತಿದ್ದ. ಸಂಬಳ, ರಜೆ, ಮಕ್ಕಳ ಜ್ವರ ಎಲ್ಲ ಊರ್ಮಿಳಾ ನೋಡಿಕೊಳ್ಳುತ್ತಿದ್ದಳು. ನಾಲ್ಕು ವರ್ಷ, ಥೂ, ನಾಲ್ಕು ವರ್ಷದಲ್ಲಿ ಒಂದು ಹೆಸರು! ಒಂದೇ ಒಂದು ಹೆಸರು ಬೇಕಾಗಿತ್ತು, ಇರಲಿಲ್ಲ.

ಗುಂಪು ನಕ್ಕಿತು. ಇವನಿಗೆ ಭಯ, ಕಳ್ಳನ ಕಡೆಯವರು ಮನೆಗೆ ಬರುತ್ತಾರೆಂದು ಬಿಡಿಸಿಕೊಳ್ಳಲು ನೋಡುತ್ತಿದ್ದಾನೆ ಎಂದು ಯಾರೋ ಹೇಳಿದರು. ಪಟ್ಟಿ ಮತ್ತೆ ಮೇಲೆದ್ದಿತು. ಆಗ ತ್ರಿವಿಕ್ರಮ ಮಾಡಿದ್ದು ಅವನು ಯೋಚಿಸಿ ಮಾಡಿದ್ದಲ್ಲ. ಒಂಗೇರಿಯ ಮೇಲೆ ಬೋರಲು ಬಿದ್ದ. ಪಟ್ಟಿ ಅವನ ಮುಂಗೈಗೆ ಬಡಿಯಿತು, ಒಳಗೆ ಮೂಳೆ ಲಟಕ್ಕೆಂದದ್ದು ಅವನಿಗೇ ಕೇಳಿಸಿತು. ಪಕ್ಕೆಗೆ ಒದೆ ಬಿತ್ತು, ಬೆನ್ನಿಗೆ ಕಲ್ಲು ಬಿತ್ತು. ಅವನು ಬಿಡಲಿಲ್ಲ, ಕೆಳಗಿದ್ದವನ ತಲೆಯನ್ನು ತೋಳಲ್ಲಿ ಮುಚ್ಚಿಕೊಂಡ. ಅಷ್ಟರಲ್ಲಿ ಬೆನ್ನ ಮೇಲೆ ತಣ್ಣಗೆ ಏನೋ ಸುರಿಯಿತು. ಮೂಗಿಗೆ ವಾಸನೆ ಬಡಿದಾಗ ತಿಳಿಯಿತು, ಯಾರೋ ಬೈಕಿನ ಪೈಪು ಕಿತ್ತು ಸೋಡಾ ಬಾಟಲಿಗೆ ಪೆಟ್ರೋಲು ಇಳಿಸಿಕೊಂಡು ಬಂದಿದ್ದರು.

"ಒಂಗೇರಿ!"

ಊರ್ಮಿಳಾಳ ದನಿ ಅದು. ಬರಿಗಾಲಲ್ಲಿ, ಕೂದಲು ಬಿಚ್ಚಿಹೋಗಿ, ಹುಚ್ಚಿಯಂತೆ ಓಡಿಬಂದಳು. "ಜೇಮ್ಸ್ ಒಂಗೇರಿ! ಹೆಂಡತಿ ಕೆರುಬೋ! ಇಬ್ಬರು ಹೆಣ್ಣುಮಕ್ಕಳಿದ್ದಾರೆ ಇವರಿಗೆ! ಚರ್ಚಿಗೆ ಹೋಗ್ತಿದ್ದಾರೆ, ಬ್ಯಾಗು ನಾನು ಕೊಟ್ಟೆ, ನಾನು! ನನ್ನ ಕೈಯಾರೆ ಕೊಟ್ಟೆ!" ಎಂದು ತನಗೆ ಬರುವ ಹರಕು ಸ್ವಾಹಿಲಿಯಲ್ಲಿ ಎದೆ ಬಡಿದುಕೊಂಡು ಹೇಳಿದಳು. ತಿರುವಿನ ಗೂಡಂಗಡಿಯ ಮುದುಕಿ ಕೆರುಬೋ ಎಂಬ ಹೆಸರು ಕೇಳಿ ಒಳನುಗ್ಗಿ, ಕೆಳಗೆ ಬಿದ್ದವನ ಮುಖ ಒರೆಸಿ ನೋಡಿ, ಕಿಟಾರನೆ ಕಿರುಚಿದಳು. ಬೆಂಕಿಕಡ್ಡಿ ಹಿಡಿದು ನಿಂತಿದ್ದವನ ಕಪಾಳಕ್ಕೆ ಅವಳು ಬಾರಿಸಿದ ಏಟಿಗೆ ಪೊಟ್ಟಣ ಚರಂಡಿಗೆ ಹಾರಿತು.

ಹಳದಿ ಜಾಕೆಟ್ಟಿನವನು ಹೆಲ್ಮೆಟ್ ಹಾಕಿಕೊಂಡು ಬೈಕು ಹತ್ತಿದ. ಇನ್ನೊಬ್ಬ ಹತ್ತಿದ. ಕಟ್ಟಡದವರು ಪಟ್ಟಿಯನ್ನು ಅಲ್ಲೇ ಎಸೆದು ಒಳಗೆ ಹೋದರು. ಎರಡು ನಿಮಿಷದಲ್ಲಿ ರಸ್ತೆ ಖಾಲಿ. ಕಪ್ಪು ಬ್ಯಾಗು ಗೋಡೆಗೆ ಒರಗಿ ನಿಂತಿತ್ತು, ಒಂದು ಗೀರೂ ಬಿದ್ದಿರಲಿಲ್ಲ.

ಗದ್ದಲ ಕೇಳಿ ಬಂದ ಡಾಕ್ಟರ್ ಅನಂತ್ ತಮ್ಮ ಹಳೆಯ ಕಾರಿನಲ್ಲಿ ಒಂಗೇರಿಯನ್ನು ಆಸ್ಪತ್ರೆಗೆ ಸಾಗಿಸಿದರು. ದಾರಿಯುದ್ದಕ್ಕೂ ಅವನ ಕುತ್ತಿಗೆಯ ನಾಡಿ ಹಿಡಿದು ಕೂತಿದ್ದರು, ಕಾರು ಊರ್ಮಿಳಾ ಓಡಿಸಿದಳು. ಪೆಟ್ರೋಲಿನ ವಾಸನೆಗೆ ಎಲ್ಲರ ಕಣ್ಣೂ ಉರಿಯುತ್ತಿತ್ತು.

"ಯಾರು ಮಾರಾಯ ಕೂಗಿದ್ದು?" ಎಂದು ಡಾಕ್ಟರು ಹಿಂದಿನ ಸೀಟಿನಿಂದ ಕೇಳಿದರು. ತ್ರಿವಿಕ್ರಮ ಕಿಟಕಿಯ ಕಡೆಗೆ ಮುಖ ತಿರುಗಿಸಿದ. ಡಾಕ್ಟರಿಗೆ ಅರ್ಥವಾಯಿತು.

ಹೊಟ್ಟೆಯೊಳಗೆ ಗುಲ್ಮ ಒಡೆದಿತ್ತು, ತೆಗೆದರು. ದವಡೆಗೆ ತಂತಿ ಬಿಗಿದರು. ಎಡಗಣ್ಣು ಉಳಿಯಲಿಲ್ಲ. ಬದುಕುತ್ತಾನೋ ಇಲ್ಲವೋ ನಾಳೆ ಬೆಳಗಿನವರೆಗೆ ಏನೂ ಹೇಳಲಾಗದು ಅಂದರು. ತ್ರಿವಿಕ್ರಮನ ಮುಂಗೈಗೆ ಪ್ಲಾಸ್ಟರ್ ಹಾಕಿ ಹೊರಗಿನ ಬೆಂಚಿನ ಮೇಲೆ ಕೂರಿಸಿದರು. ಅಲ್ಲಿಗೆ ಅವನ ಮೇಲಿನ ಅಧಿಕಾರಿ ಹೃಷಿಕೇಶ್ ವಿಮಾನ ನಿಲ್ದಾಣದಿಂದ ಫೋನು ಮಾಡಿದ.

"ತ್ರಿವಿ, ವಾಟ್ಸಾಪಲ್ಲಿ ನೋಡ್ದೆ ಕಣೋ! ಏನ್ ಗುಂಡಿಗೆ ನಿಂದು! ಒಬ್ಬ ಕೆಲಸದೋನಿಗೋಸ್ಕರ ಜನಗಳ ಮಧ್ಯೆ ನುಗ್ಗಿದೀಯಲ್ಲ! ಎಂ.ಡಿ.ಗೆ ಹೇಳ್ದೆ, ಫುಲ್ ಇಂಪ್ರೆಸ್ ಆಗಿದಾರೆ. ಇವತ್ತಿಂದು ಬಿಟ್ಹಾಕು. ನಾಳೆ ಮಧ್ಯಾಹ್ನದ ಫ್ಲೈಟ್‌ಗೆ ಮೂರು ಟಿಕೆಟ್ ಮಾಡಿಸ್ತಿದೀವಿ, ಕಂಪನಿ ಖರ್ಚಲ್ಲೇ. ಸ್ಟೇಜ್ ಮೇಲೆ ನಿಂಗೆ ಸನ್ಮಾನ ಇದೆ."

ಕನ್ನಡ ಬಳಗದ ವಾಟ್ಸಾಪ್ ಗುಂಪಿನಲ್ಲಿ ಆಗಲೇ ಅರವತ್ತು ಸಂದೇಶ ಬಿದ್ದಿದ್ದವು. ನಮ್ಮ ಹೆಮ್ಮೆ. ನಿಜವಾದ ವೀರ. ಕೈ ಮುಗಿಯುವ ಚಿತ್ರಗಳು. ಯಾರು ಕೂಗಿದ್ದು ಎಂದು ಯಾರೂ ಬರೆದಿರಲಿಲ್ಲ, ಯಾಕೆಂದರೆ ಆ ಬಳಗದಲ್ಲಿ ಯಾರಿಗೂ ಗೊತ್ತಿರಲಿಲ್ಲ. ತ್ರಿವಿಕ್ರಮ ಟೈಪು ಮಾಡಲು ಹೋದ, ಬಲಗೈಯಲ್ಲಿ ಪ್ಲಾಸ್ಟರ್ ಇದೆ ಅಂದುಕೊಂಡು ಬಿಟ್ಟ. ಎಡಗೈ ಚೆನ್ನಾಗಿಯೇ ಇತ್ತಲ್ಲ ಅಂತ ನೀವು ಕೇಳಬಹುದು. ನಾನೂ ಅದನ್ನೇ ಕೇಳುತ್ತೇನೆ.

ಕೆರುಬೋ ಬಂದದ್ದು ಆಗಲೇ. ಲಂಗಾಟಾದ ಒಂದು ಮನೆಯಲ್ಲಿ ಬಟ್ಟೆ ಒಗೆಯುವವಳು, ಅಂದು ಚರ್ಚಿಗೆಂದು ತೊಟ್ಟ ಬಟ್ಟೆಯಲ್ಲೇ ಓಡಿಬಂದಿದ್ದಳು. ಗೂಡಂಗಡಿಯ ಮುದುಕಿ ಅವಳಿಗೆ ಎಲ್ಲ ಹೇಳಿದ್ದಳು, ತಾನು ಕಂಡಷ್ಟನ್ನು. ಅವಳು ನೇರ ಬಂದು ತ್ರಿವಿಕ್ರಮನ ಎಡಗೈ ಹಿಡಿದು ಹಣೆಗೆ ಒತ್ತಿಕೊಂಡಳು. "ಅಸಾಂಟೆ," ಅಂದಳು, ಧನ್ಯವಾದ ಅಂತ, ನಿಮಗೆ ಪುಣ್ಯ ಬರಲಿ ಎನ್ನುವ ಹಾಗೆ. "ನೀವು ಮೇಲೆ ಬೀಳದಿದ್ದರೆ ಇಂದು ನನ್ನ ಮಕ್ಕಳಿಗೆ ಅಪ್ಪ ಇರುತ್ತಿರಲಿಲ್ಲ. ಕೂಗಿದವನು ಯಾರೋ, ಅವನ ನಾಲಿಗೆ ಹುಳ ಬಿದ್ದು ಹೋಗಲಿ."

ಊರ್ಮಿಳಾ ಗಂಡನನ್ನು ನೋಡಿದಳು. ಅವನು ನೆಲ ನೋಡಿದ.

ಭಾನುವಾರ ಬೆಳಗ್ಗೆ ಕಾಫಿ ಲೋಟದ ಮುಂದೆ ಇಬ್ಬರೂ ಜಗಳವಾಡಿದರು.

"ಹೇಳ್ಬಿಡಿ ರೀ. ಆ ಹೆಂಗಸು ನಿಮ್ಮ ಕೈ ಹಣೆಗೆ ಒತ್ಕೊಂಡಾಗ ನಂಗೆ ಭೂಮಿ ಬಾಯ್ಬಿಡಬಾರ್ದಾ ಅನ್ನಿಸ್ತು."

"ಹೇಳಿದ್ರೆ ಏನಾಗುತ್ತೆ ಗೊತ್ತೇನೇ? ಪೊಲೀಸು, ಕೇಸು. ಪರ್ಮಿಟ್ ಹೋಗುತ್ತೆ. ಆಸ್ಪತ್ರೆ ಬಿಲ್ಲೆಲ್ಲ ನಾನೇ ಕಟ್ತೀನಿ, ಕಣ್ಣಿಗೆ, ಹೊಟ್ಟೆಗೆ, ಮಕ್ಕಳ ಓದಿಗೆ, ಎಲ್ಲಾ. ಆಮೇಲಿನ್ನೇನು ಬೇಕು?"

"ಬ್ಯಾಗ್ ಕಳಿಸಿದ್ದು ನಾನು. ನಿಮಗೆ ಹೇಳದೆ ಕಳಿಸ್ದೆ, ಅದು ನನ್ನ ತಪ್ಪು. ಅದನ್ನ ನಾನು ಅವಳ ಕಾಲು ಹಿಡಿದು ಹೇಳ್ತೀನಿ. ಕೂಗಿದ್ದು ಮಾತ್ರ ನಾನಲ್ಲ."

ಚಿರಂತನ್ ಮೆಟ್ಟಿಲ ಮೇಲೆ ನಿಂತಿದ್ದ. ಹನ್ನೊಂದು ವರ್ಷದ ಹುಡುಗ, ನಿನ್ನೆ ಬಾಲ್ಕನಿಯಿಂದ ಎಷ್ಟು ನೋಡಿದ್ದನೋ ದೇವರೇ ಬಲ್ಲ. "ಡ್ಯಾಡ್, ಆರ್ ವಿ ಸ್ಟಿಲ್ ಗೋಯಿಂಗ್?" ಅಂದ. ಹೋಗಬೇಕೆಂಬ ಆಸೆ ಆ ಪ್ರಶ್ನೆಯಲ್ಲಿರಲಿಲ್ಲ.

ಹನ್ನೊಂದಕ್ಕೆ ಕಂಪನಿಯ ಟ್ಯಾಕ್ಸಿ ಬಂತು. ಆಸ್ಪತ್ರೆಗೆ ಹೋಗಿ ನೋಡಿಕೊಂಡು ಅಲ್ಲಿಂದಲೇ ಹೋಗೋಣ ಎಂದ ತ್ರಿವಿಕ್ರಮ. ನೋಡಿಕೊಂಡು ಅಂದನೇ ಹೊರತು ಹೇಳಿ ಅನ್ನಲಿಲ್ಲ. ಸೂಟ್‌ಕೇಸು ಡಿಕ್ಕಿಯಲ್ಲಿಟ್ಟು, ಚಿರಂತನನನ್ನು ಟ್ಯಾಕ್ಸಿಯಲ್ಲೇ ಕೂರಿಸಿ, ಗಂಡ ಹೆಂಡತಿ ಮೇಲಕ್ಕೆ ಹೋದರು.

ಒಂಗೇರಿಗೆ ಎಚ್ಚರವಾಗಿತ್ತು. ಬದುಕಿದ, ಇನ್ನು ಭಯವಿಲ್ಲ ಎಂದು ನರ್ಸು ಹೇಳಿದಳು. ಕೆರುಬೋ ಮಂಚದ ಪಕ್ಕ ನಿಂತು ಹೀರುಗೊಳವೆಯಲ್ಲಿ ಗಂಜಿ ಕುಡಿಸುತ್ತಿದ್ದಳು. ಇವರನ್ನು ಕಂಡು ಮುಖ ಅರಳಿಸಿಕೊಂಡು ಸರಿದು ಜಾಗ ಮಾಡಿಕೊಟ್ಟಳು. ಅರ್ಧ ಮುಖಕ್ಕೆ ಬಟ್ಟೆ ಸುತ್ತಿದ್ದ ಒಂಗೇರಿ ಉಳಿದ ಒಂದು ಕಣ್ಣನ್ನು ತ್ರಿವಿಕ್ರಮನ ಕಡೆ ತಿರುಗಿಸಿದ. ತಂತಿ ಬಿಗಿದ ಹಲ್ಲುಗಳ ನಡುವಿನಿಂದ ನಿಧಾನವಾಗಿ ಮಾತಾಡಿದ.

"ಬಾಸ್, ಕಳ್ಳ ಸಿಕ್ಕಿದನಾ?"

"ಯಾವ ಕಳ್ಳ?"

"ನಿಮ್ಮ ಮನೆಗೆ ನುಗ್ಗಿದವನು. ನೀವು ಕೂಗಿದ್ದು ಕೇಳಿಸಿತು. ನಿಮ್ಮ ದನಿ ನನಗೆ ಗೊತ್ತಲ್ಲ. ಮೇಡಂ ಇದ್ದಾರೆ, ಮಗು ಇದೆ, ಏನಾಯಿತೋ ಅಂತ ತಿರುಗಿ ಮನೆ ಕಡೆ ಓಡಿದೆ. ಓಡುತ್ತಿದ್ದಾಗ ಆ ಬೈಕಿನವರು ನನ್ನನ್ನೇ ಹಿಡಿದುಕೊಂಡರು." ಉಸಿರು ತೆಗೆದುಕೊಂಡ. "ಬರಲಾಗಲಿಲ್ಲ. ಪೊಲೆ, ಬಾಸ್."

ಪೊಲೆ ಅಂದರೆ ಬೇಜಾರು ಮಾಡಿಕೊಳ್ಳಬೇಡಿ ಅಂತ. ಒಂದು ಕಣ್ಣು ಕಳೆದುಕೊಂಡವನು ಹೇಳಿದ ಮಾತು ಅದು!

ತ್ರಿವಿಕ್ರಮ ಮಂಚದ ಕಂಬಿ ಹಿಡಿದುಕೊಂಡ. "ಕಳ್ಳ ಯಾರೂ ಬಂದಿರಲಿಲ್ಲ," ಅಂದ. "ನಾನು ಕೂಗಿದ್ದು ನಿನ್ನನ್ನು ನೋಡಿ. ನನ್ನ ಬ್ಯಾಗು ನಿನ್ನ ಹೆಗಲ ಮೇಲಿತ್ತು. ಮುಖ ನೋಡಲಿಲ್ಲ. ಕೂಗಿಬಿಟ್ಟೆ."

ಕೆರುಬೋಳ ಕೈಯಲ್ಲಿದ್ದ ಗಂಜಿ ಲೋಟ ಅವನ ಎದೆಗೆ ಬಡಿಯಿತು. ಹಿಂದೆಯೇ ಅವಳ ಕೈ ಬಂತು. ಮುಖಕ್ಕೆ, ಕುತ್ತಿಗೆಗೆ, ಪ್ಲಾಸ್ಟರ್ ಹಾಕಿದ ಮುಂಗೈಗೆ, ಬಟ್ಟೆ ಒಗೆದು ಗಟ್ಟಿಯಾದ ಆ ಎರಡೂ ಕೈಗಳಿಂದ ಸಿಕ್ಕಸಿಕ್ಕಲ್ಲಿ ಹೊಡೆದಳು. ನಿನ್ನೆ ಹಣೆಗೊತ್ತಿಕೊಂಡ ಕೈಯನ್ನು ಹಿಡಿದು ಉಗುರಿನಿಂದ ಸೀಳಿದಳು. ನರ್ಸುಗಳು ಓಡಿಬಂದರು. ತ್ರಿವಿಕ್ರಮ ತಪ್ಪಿಸಿಕೊಳ್ಳಲಿಲ್ಲ, ಕೈ ಅಡ್ಡ ಹಿಡಿಯಲೂ ಇಲ್ಲ. ಊರ್ಮಿಳಾ ನಡುವೆ ಬರಲಿಲ್ಲ. ಬಾಯಿಗೆ ದುಪಟ್ಟಾ ತುರುಕಿಕೊಂಡು ಗೋಡೆಗೊರಗಿ ನಿಂತು ಅತ್ತಳು.

ಒಂಗೇರಿ ತನ್ನ ಭಾಷೆಯಲ್ಲಿ ಒಂದು ಮಾತು ಹೇಳಿದ. ಕೆರುಬೋಳ ಕೈ ಅರ್ಧದಲ್ಲೇ ನಿಂತಿತು. ಅವಳು ಏದುಸಿರು ಬಿಡುತ್ತಾ ಗಂಡನನ್ನು ನೋಡಿದಳು, ಮತ್ತೆ ಇವನನ್ನು ನೋಡಿದಳು.

"ಏನಂದ?" ಎಂದು ತ್ರಿವಿಕ್ರಮ ಕೇಳಿದ. ತುಟಿಯಿಂದ ರಕ್ತ ಬರುತ್ತಿತ್ತು.

"ನಿಮಗೆ ವಿಮಾನ ತಪ್ಪುತ್ತದಂತೆ," ಅಂದಳು ಅವಳು. "ಹೊರಡಿ ಅಂತಿದ್ದಾನೆ."

ಒಂಗೇರಿ ಗೋಡೆಯ ಕಡೆಗೆ ಹೊರಳಿಕೊಂಡ. ಕೆಳಗಿನಿಂದ ಟ್ಯಾಕ್ಸಿಯವನು ಎರಡು ಸಲ ಹಾರ್ನ್ ಮಾಡಿದ. ಊರ್ಮಿಳಾ ಕಣ್ಣೊರೆಸಿಕೊಂಡು ಕೆಳಗಿಳಿದು ಹೋಗಿ, ಸೂಟ್‌ಕೇಸುಗಳನ್ನು ಇಳಿಸಿಕೊಂಡು, ಟ್ಯಾಕ್ಸಿಯನ್ನು ಕಳಿಸಿ, ಮಗನ ಕೈ ಹಿಡಿದು ಮೇಲೆ ಬಂದಳು. ತ್ರಿವಿಕ್ರಮ ಇನ್ನೂ ಮಂಚದ ಕಂಬಿ ಹಿಡಿದೇ ನಿಂತಿದ್ದ. ಕೆರುಬೋ ನೆಲದ ಮೇಲೆ ಚೆಲ್ಲಿದ ಗಂಜಿ ಒರೆಸುತ್ತಿದ್ದಳು. ಅವಳು ಅವರಿಗೆ ಕೂರಲು ಹೇಳಲಿಲ್ಲ, ಹೋಗಿ ಅಂತಲೂ ಮತ್ತೆ ಹೇಳಲಿಲ್ಲ.